ಕಲ್ಲೇಶಪ್ಪ ಕಾರಿಗೆ ಬಲ್ಬು ಬದಲಾಯಿಸಿದ್ದು

ಎದುರಿಗೆ ಬರುವ ಗಾಡಿಗಳ ಬೆಳಕು ಕಣ್ಣಿಗೆ ಚುಚ್ಚುತ್ತದೆ, ನಮ್ಮ ಕಾರಿನ ಬೆಳಕು ಮಾತ್ರ ಎಣ್ಣೆ ತೀರಿದ ಬುಡ್ಡಿಯ ಹಾಗಿದೆ ಎಂದು ಕಲ್ಲೇಶಪ್ಪ ಎರಡು ವರ್ಷದಿಂದ ಹೇಳುತ್ತ ಬಂದಿದ್ದ. ಕಂದಿಕೆರೆಗೂ ಚಿಕ್ಕನಾಯಕನಹಳ್ಳಿಗೂ ನಡುವೆ, ಡಾಂಬರು ರಸ್ತೆಯಿಂದ ಸ್ವಲ್ಪ ಒಳಕ್ಕೆ ಅವನ ಊರು. ತೆಂಗಿನ ತೋಟ, ತೋಟದ ಅಂಚಿಗೆ ಒಂದಿಷ್ಟು ರಾಗಿ ಹೊಲ, ಎರಡು ಹಸು. ಕಾರನ್ನು ತಿಪಟೂರಿನ ಮೇಷ್ಟ್ರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ. ಹಗಲು ಅದನ್ನು ಚೆನ್ನಾಗಿಯೇ ಓಡಿಸುತ್ತಿದ್ದ. ಹೊತ್ತು ಮುಳುಗಿದ ಮೇಲೆ ಮಾತ್ರ ಏನಾದರೊಂದು ಆಗುತ್ತಿತ್ತು. ಒಮ್ಮೆ ತೋಟದ ಗೇಟಿನ ಕಲ್ಲುಕಂಬಕ್ಕೆ ಕಾರಿನ ಬಾಗಿಲು ಉಜ್ಜಿತು. ಇನ್ನೊಮ್ಮೆ ಯಾರೋ ರಸ್ತೆಯ ಪಕ್ಕ ಒಟ್ಟಿದ್ದ ಕಾಯಿಮಟ್ಟೆಯ ರಾಶಿಯ ಮೇಲೆ ಮುಂದಿನ ಚಕ್ರ ಹತ್ತಿತು. ಪ್ರತಿ ಸಲವೂ ಅವನು ಇಳಿದು ಬಂದು, ದೀಪದ ಗಾಜನ್ನು ಟವೆಲಿನಿಂದ ಒರೆಸಿ, ಈ ಬಲ್ಬು ಬದಲಾಯಿಸದೆ ಆಗುವುದಿಲ್ಲ ಎನ್ನುತ್ತಿದ್ದ.

ಅವನ ಹೆಂಡತಿ ನಿರ್ಮಲ ಅದನ್ನು ನಂಬಿದ್ದಳು. ಅವಳು ಕಲ್ಲೇಶಪ್ಪನ ಹಿರಿಯಕ್ಕನ ಮಗಳೇ. ಚಿಕ್ಕಂದಿನಲ್ಲಿ ಅವನನ್ನು ಮಾವ ಎಂದು ಕರೆಯುತ್ತ ಬೆಳೆದವಳು, ಮದುವೆಯಾದ ಮೇಲೆ ಊರಿನ ಬೇರೆ ಹೆಂಗಸರ ಹಾಗೆ ರೀ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಳು. ಇಬ್ಬರಿಗೆ ಒಬ್ಬಳೇ ಮಗಳು, ಅನಿತಾ. ಚಿಕ್ಕನಾಯಕನಹಳ್ಳಿಯ ಒಂದು ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬೇಗ ಬಂದುಬಿಡುತ್ತಿದ್ದಳು. ತುರುವೇಕೆರೆ ಹತ್ತಿರ ಇರುವ ನಿರ್ಮಲಳ ಅಣ್ಣ ಗಂಗಾಧರನ ಮಗ ದಯಾನಂದನಿಗೇ ಅವಳನ್ನು ಕೊಡುವುದೆಂದು ಎರಡೂ ಮನೆಯಲ್ಲಿ ಮಾತಾಗಿತ್ತು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆ ಇತ್ತು.

ಒಂದು ದಿನ ಕಲ್ಲೇಶಪ್ಪ ಕೊಬ್ಬರಿ ಹಾಕಲು ತಿಪಟೂರಿಗೆ ಹೋದವನು ಮಾರ್ಕೆಟ್ಟಿನ ಕೆಲಸ ಮುಗಿಸಿ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದ. ಅಂಗಡಿಯವನು ಕಾರಿನ ದೀಪ ಹೊತ್ತಿಸಿ ನೋಡಿ, ನಿಮ್ಮ ಲೈಟು ಚೆನ್ನಾಗಿಯೇ ಇದೆಯಲ್ಲ ಸಾರ್ ಎಂದನಂತೆ. ಕಲ್ಲೇಶಪ್ಪನಿಗೆ ಆ ಮಾತು ಹಿಡಿಸಲಿಲ್ಲ. ಹ್ಯಾಲೊಜೆನ್ ತೆಗೆದು ಎಲ್‌ಇಡಿ ಹಾಕಬೇಕು ಎಂದು ಹೇಳಿ ಒಂದು ಜೊತೆ ಬಲ್ಬು ಕೊಂಡ. ಇಲ್ಲೇ ಕೂರಿಸಿ ಕೊಡುತ್ತೇನೆ ಎಂದರೂ ಕೇಳದೆ ಮನೆಗೆ ತಂದ. ಹಾಕಿದ ಮೇಲೆ ಗೋಡೆಗೆ ಬೆಳಕು ಬಿಟ್ಟು ನೋಡಿ ಸ್ವಲ್ಪ ಕೆಳಕ್ಕೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಎದುರಿಗೆ ಬರುವವನ ಕಣ್ಣಿಗೆ ಹೊಡೆಯುತ್ತದೆ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಮೋಟರಿನ ಫ್ಯೂಸು ಹೋದರೂ ಇನ್ನೊಬ್ಬರನ್ನು ಕರೆಯುವ ಗಂಡ ಈ ಕೆಲಸವನ್ನು ತಾನೇ ಮಾಡುತ್ತೇನೆಂದು ಹೊರಟದ್ದು ನಿರ್ಮಲಳಿಗೆ ವಿಚಿತ್ರವಾಗಿ ಕಂಡಿತು. ಆದರೂ ಅವನ ಉತ್ಸಾಹ ಕಂಡು ಸುಮ್ಮನಾದಳು.

ಭಾನುವಾರ ಊಟವಾದ ಮೇಲೆ ಕಾರನ್ನು ಕೊಬ್ಬರಿ ಅಟ್ಟದ ಮನೆಯ ಮುಂದೆ, ಗೋಡೆಗೆ ಮುಖ ಮಾಡಿ, ಸ್ವಲ್ಪ ದೂರದಲ್ಲಿ ನಿಲ್ಲಿಸಿದರು. ಅನಿತಾ ಫೋನಿನಲ್ಲಿ ಒಂದು ವಿಡಿಯೊ ಹುಡುಕಿ, ಅದನ್ನು ನೋಡುತ್ತ ಒಂದೊಂದಾಗಿ ಹೇಳುತ್ತ ಹೋದಳು. ಕಲ್ಲೇಶಪ್ಪ ಬಾನೆಟ್ ಎತ್ತಿ ಕಡ್ಡಿ ಕೊಟ್ಟ. ದೀಪದ ಹಿಂದೆ ಕೈ ಹಾಕಿ ಮೂರು ಪಿನ್ನಿನ ಪ್ಲಗ್ಗನ್ನು ಆಚೆ ಈಚೆ ಅಲ್ಲಾಡಿಸಿ ಕಿತ್ತ. ಅದರ ಕೆಳಗಿನ ರಬ್ಬರು ಮುಚ್ಚಳ ವರ್ಷಗಳಿಂದ ಧೂಳು ಕುಡಿದು ಅಂಟಿಕೊಂಡಿತ್ತು. ಅದನ್ನು ಬಿಡಿಸಿದ ಮೇಲೆ ಬಲ್ಬನ್ನು ಒತ್ತಿ ಹಿಡಿದಿದ್ದ ತಂತಿಯ ಕೊಕ್ಕೆ ಸಿಕ್ಕಿತು. ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬು ಕೈಗೆ ಬಂತು. ಗಾಜು ಚೊಕ್ಕವಾಗಿತ್ತು, ಒಳಗಿನ ತಂತಿ ನೆಟ್ಟಗಿತ್ತು. ಇದಕ್ಕೇನೂ ಆಗಿಲ್ಲವಲ್ಲಪ್ಪ ಎಂದು ಅನಿತಾ ಕೇಳಿದಳು. ಅವನು ಅದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಜಗುಲಿಯ ಮೇಲಿಟ್ಟ.

ಹೊಸ ಬಲ್ಬಿಗೆ ಗಾಜೇ ಇರಲಿಲ್ಲ. ಚಪ್ಪಟೆ ಕಡ್ಡಿಯ ಎರಡು ಪಕ್ಕಕ್ಕೆ ಹಳದಿ ಚುಕ್ಕೆಗಳು, ಹಿಂದೆ ಪುಟ್ಟ ಫ್ಯಾನು. ಅದರ ಕುತ್ತಿಗೆಯ ಬಳೆಯನ್ನು ಬಿಡಿಸಿ ಮೊದಲು ಬಳೆಯನ್ನು ಕೂರಿಸಿ ಕೊಕ್ಕೆ ಹಾಕಬೇಕು, ಆಮೇಲೆ ಬಲ್ಬು ತೂರಿಸಿ ತಿರುಗಿಸಬೇಕು, ಚುಕ್ಕೆಗಳು ಎಡಕ್ಕೂ ಬಲಕ್ಕೂ ನೋಡಬೇಕು, ಮೇಲೆ ಕೆಳಗೆ ಮಾಡಿದರೆ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ ಎಂದು ವಿಡಿಯೊದವನು ಹೇಳಿದ. ಒಂದು ಕಡೆಯದು ಸಲೀಸಾಗಿ ಕೂತಿತು. ಬ್ಯಾಟರಿಯ ಪಕ್ಕದ್ದಕ್ಕೆ ಮಾತ್ರ ಕೈ ಹೋಗುವಷ್ಟು ಜಾಗವಿರಲಿಲ್ಲ. ಬ್ಯಾಟರಿ ಬಿಚ್ಚಿ ಎತ್ತಿಟ್ಟು, ತಗಡಿನ ಅಂಚಿಗೆ ಮುಂಗೈ ಗೀರಿಸಿಕೊಂಡು, ಕಣ್ಣಿಗೆ ಕಾಣದ ಕಡೆ ಬೆರಳಲ್ಲೇ ತಡಕಿ ಅದನ್ನೂ ಕೂರಿಸಿದ. ನಿರ್ಮಲ ಅರಿಶಿನ ತಂದು ಗಾಯಕ್ಕೆ ಒತ್ತಿದಾಗ ಅವನು ನಗುತ್ತಿದ್ದ. ಇನ್ನು ಯಾವ ಹೊತ್ತಿನಲ್ಲಾದರೂ ತಿಪಟೂರಿಗೆ ಹೋಗಿ ಬರಬಹುದು, ಮದುವೆ ಓಡಾಟಕ್ಕೆ ಯಾರ ಗಾಡಿಗೂ ಕಾಯುವಂತಿಲ್ಲ ಎಂದ. ಅವನನ್ನು ಅಷ್ಟು ಹಗುರಾಗಿ ನೋಡಿ ಬಹಳ ದಿನವಾಗಿತ್ತು ಎಂದು ನಿರ್ಮಲ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು.

ಬೆಳಕು ನೋಡಲು ಹೊತ್ತು ಇಳಿಯಲಿ ಎಂದು ಕಾದರು. ಸೂರ್ಯ ತೋಟದ ಹಿಂದೆ ಹೋದರೂ ಆಕಾಶದಲ್ಲಿ ಇನ್ನೂ ಬೆಳಕಿತ್ತು. ಕಲ್ಲೇಶಪ್ಪ ದೀಪ ಹಾಕಿದ. ಸುಣ್ಣದ ಗೋಡೆಯ ಮೇಲೆ ಹಾಲಿನಂಥ ಬೆಳಕು ಬಿತ್ತು. ಎಡಗಡೆಯದು ಬಲಗಡೆಯದಕ್ಕಿಂತ ಒಂದು ಗೇಣು ಮೇಲಿತ್ತು. ಅನಿತಾ ಗೋಡೆಯ ಹತ್ತಿರ ನಿಂತು ಬೆಳಕಿನ ಮೇಲಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕಲ್ಲೇಶಪ್ಪ ದೀಪದ ಹಿಂದಿನ ತಿರುಪನ್ನು ಸ್ಕ್ರೂಡ್ರೈವರಿನಿಂದ ತಿರುಗಿಸುತ್ತ ಸ್ವಲ್ಪ ಸ್ವಲ್ಪವೇ ಇಳಿಸತೊಡಗಿದ. ಅಷ್ಟರಲ್ಲಿ ಸ್ಕ್ರೂಡ್ರೈವರು ಕೈಜಾರಿ ಕೆಳಗೆ ಬಿತ್ತು.

ನಿರ್ಮಲ ಹಟ್ಟಿಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಸ್ಕ್ರೂಡ್ರೈವರು ಬಿದ್ದದ್ದು ಅವಳಿಗೆ ಕಂಡಿತು. ಹಳದಿ ಹಿಡಿಯದು, ಮುಂದಿನ ಚಕ್ರದ ಪಕ್ಕ ಮಣ್ಣಿನ ಮೇಲೆ ಬಿದ್ದಿತ್ತು. ಕಲ್ಲೇಶಪ್ಪ ಕುಕ್ಕರುಗಾಲಲ್ಲಿ ಕೂತು ಹುಡುಕತೊಡಗಿದ. ಅನಿತಾ ಗೋಡೆಯ ಕಡೆಯಿಂದ ಬಂದು ಅವನ ಎದುರಿಗೆ ಕೂತು ತಾನೂ ಹುಡುಕಿದಳು. ಇಬ್ಬರೂ ಅಂಗೈ ನೆಲಕ್ಕೆ ಊರಿ, ಬೆರಳು ಅಗಲಿಸಿ, ಹೊರಗಿನಿಂದ ಒಳಕ್ಕೆ ಮಣ್ಣು ಸವರುತ್ತಿದ್ದರು. ಸ್ಕ್ರೂಡ್ರೈವರು ಇಬ್ಬರ ನಡುವೆಯೇ ಇತ್ತು. ಮೊದಲು ನಿರ್ಮಲಳಿಗೆ ಅಪ್ಪ ಮಗಳು ತಮಾಷೆ ಮಾಡುತ್ತಿದ್ದಾರೆ ಎನ್ನಿಸಿತು. ಆಮೇಲೆ ಇಬ್ಬರ ಮುಖ ನೋಡಿದಳು. ಇಬ್ಬರೂ ನೆಲ ನೋಡುತ್ತಿರಲಿಲ್ಲ. ಕೈಗೆ ಏನು ತಾಗುತ್ತದೋ ಎಂದು ಕಾಯುವವರ ಹಾಗೆ ಮುಖ ಒಂದಿಷ್ಟು ಮೇಲೆ ಎತ್ತಿದ್ದರು.

ಅವಳು ಪಾತ್ರೆಯನ್ನು ಅಲ್ಲೇ ಇಟ್ಟು ಬಂದು, ಬಗ್ಗಿ ಸ್ಕ್ರೂಡ್ರೈವರು ಎತ್ತಿ ಗಂಡನ ಕೈಯಲ್ಲಿಟ್ಟಳು.

"ಎಲ್ಲಿತ್ತು?" ಎಂದ ಕಲ್ಲೇಶಪ್ಪ.

"ಇಲ್ಲೇ ಇತ್ತು" ಎಂದಳು.

ಬೆಳಕು ಸರಿಯಾದ ಮೇಲೆ ಕಲ್ಲೇಶಪ್ಪ ರಸ್ತೆಯಲ್ಲಿ ಒಂದು ಸುತ್ತು ಹೋಗಿ ನೋಡೋಣ ಎಂದ. ನಾಳೆ ನೋಡಿದರಾಯಿತು ಎಂದು ನಿರ್ಮಲ ಎರಡು ಸಲ ಹೇಳಿದಳು. ಅವನು ಕೇಳಲಿಲ್ಲ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ, ಹಾಲು ಕಾಯಿಸು ಎಂದು ಮಗಳಿಗೆ ಹೇಳಿ ತಾನೂ ಹತ್ತಿದಳು. ಡಾಂಬರು ರಸ್ತೆಗೆ ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಹೊಸ ಬೆಳಕಿನಲ್ಲಿ ರಸ್ತೆ ಸುಣ್ಣ ಬಳಿದಂತೆ ಕಂಡಿತು. ನೋಡು, ಇರುವೆ ಹೋದರೂ ಕಾಣುತ್ತದೆ ಎಂದು ಕಲ್ಲೇಶಪ್ಪ ಹಿಗ್ಗಿದ. ಬೆಳಕಿನ ಹೊರಗಿನ ಕತ್ತಲೆ ಮಾತ್ರ ಮೊದಲಿಗಿಂತ ದಟ್ಟವಾಗಿತ್ತು.

ಮುಂದೆ ಎಡಗಡೆಯ ಅಂಚಿನಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದದ್ದು ನಿರ್ಮಲಳಿಗೆ ದೂರದಿಂದಲೇ ಕಂಡಿತು. ನಡಿಗೆಯಿಂದಲೇ ಅದು ಪಕ್ಕದ ಬೀದಿಯ ಓಬಮ್ಮ ಎಂದು ತಿಳಿಯಿತು. ಈಗ ಕಾರನ್ನು ಬಲಕ್ಕೆ ತೆಗೆಯುತ್ತಾನೆ, ಈಗ ತೆಗೆಯುತ್ತಾನೆ ಎಂದು ನಿರ್ಮಲ ಕಾದಳು. ಸ್ಟೀರಿಂಗು ಅಲ್ಲಾಡಲಿಲ್ಲ. ಗಂಡನ ಮುಖ ನೋಡಿದಳು. ಅವನು ನಗುಮುಖದಲ್ಲೇ ನೇರವಾಗಿ ಮುಂದಕ್ಕೆ ನೋಡುತ್ತಿದ್ದ.

"ಮಾವ, ನಿಲ್ಸಿ" ಎಂದು ಅವನ ತೋಳು ಹಿಡಿದಳು.

ಅವನು ಬ್ರೇಕು ತುಳಿದ. ಪಕ್ಕದ ಕನ್ನಡಿ ಓಬಮ್ಮನ ಮೊಣಕೈಗೆ ತಗುಲಿ ಮಡಚಿಕೊಂಡಿತು. ಹೊರೆ ಒಂದು ಕಡೆ, ಓಬಮ್ಮ ಒಂದು ಕಡೆ ಬಿದ್ದರು. ನಿರ್ಮಲ ಓಡಿಹೋಗಿ ಅವಳನ್ನು ಎತ್ತಿ ಕೂರಿಸಿದಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಓಬಮ್ಮ ಉಸಿರು ಹಿಡಿದುಕೊಂಡು, ಸೆರಗಿನ ಮಣ್ಣು ಕೊಡವಿಕೊಂಡು, ಕಾರಿನ ಕಡೆಗೆ ತಿರುಗಿ ಕೇಳಿದಳು.

"ಕಣ್ಣು ಕಾಣಾಕಿಲ್ವೇನಪ್ಪ ಕಲ್ಲೇಶಪ್ಪ?"

ಯಾರಾದರೂ ಕೇಳುವ ಮಾತೇ ಅದು. ಕೇಳಿ ಅವಳು ಮರೆತೂ ಬಿಟ್ಟಳು. ಮನೆಗೆ ಬಂದು ನೋಡುತ್ತೇನೆ ಎಂದು ನಿರ್ಮಲ ಹೊರೆಯನ್ನು ಅವಳ ತಲೆಗೆ ಎತ್ತಿ ಕೊಟ್ಟಳು. ಓಬಮ್ಮ ಕಾಲುದಾರಿಗೆ ಇಳಿದು ಹೋದಳು. ಕಲ್ಲೇಶಪ್ಪ ಕಾರಿನಿಂದ ಇಳಿದು ಬಾನೆಟ್ಟಿಗೆ ಒರಗಿ ನಿಂತಿದ್ದ. ದೀಪ ಇನ್ನೂ ಉರಿಯುತ್ತಿತ್ತು. ನಿರ್ಮಲ ಹತ್ತಿರ ಬಂದು ನಿಂತಳು.

"ಕಾಣ್ಲಿಲ್ಲ ಕಣೇ" ಎಂದ ಕಲ್ಲೇಶಪ್ಪ. "ಇವತ್ತೊಂದು ದಿನ ಅಲ್ಲ. ಭಾಳ ದಿವ್ಸ ಆಯ್ತು."

ಆಮೇಲೆ ಎಲ್ಲವನ್ನೂ ಹೇಳಿದ. ನಲವತ್ತು ದಾಟಿದಾಗಿನಿಂದ ಹೊತ್ತು ಮುಳುಗಿದರೆ ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಈಚೆಗೆ ಹಗಲಿನಲ್ಲೂ ಪಕ್ಕದಲ್ಲಿ ಬಂದು ನಿಂತವರು ಥಟ್ಟನೆ ಹುಟ್ಟಿಕೊಂಡ ಹಾಗೆ ಅನ್ನಿಸುತ್ತಿತ್ತು. ಅವನ ತಂದೆ ಮರುಳಸಿದ್ದಯ್ಯನೂ ಹೀಗೆಯೇ ಇದ್ದವರು. ದೀಪ ಹಚ್ಚುವ ಹೊತ್ತಿಗೆ ಜಗುಲಿಯ ಮೇಲೆ ಕೂತರೆ ಯಾರಾದರೂ ಕೈ ಹಿಡಿದು ಕರೆದುಕೊಂಡು ಹೋಗುವ ತನಕ ಏಳುತ್ತಿರಲಿಲ್ಲ. ನಿರ್ಮಲಳಿಗೂ ಅದು ನೆನಪಿತ್ತು, ಅವಳಿಗೆ ಅವರು ತಾಯಿಯ ತಂದೆ. ತಾತನಿಗೆ ವಯಸ್ಸಾಗಿದೆ, ಇರುಳುಗಣ್ಣು ಎಂದಷ್ಟೇ ಮನೆಯವರು ಹೇಳುತ್ತಿದ್ದರು. ಹುಡುಗನಾಗಿದ್ದಾಗ ಅಪ್ಪನ ಕೈ ಹಿಡಿದು ನಡೆಸುತ್ತಿದ್ದ ತನಗೇ ಅದು ಬಂತು ಎಂದು ತಿಳಿದ ದಿನದಿಂದ ಯಾರಿಗೂ ಹೇಳಬಾರದು ಅನ್ನಿಸಿತು ಎಂದ. ಬೆಳಕು ಕಡಿಮೆ ಇರುವುದಕ್ಕೇ ಕಾಣುತ್ತಿಲ್ಲ, ಒಳ್ಳೆಯ ದೀಪ ಹಾಕಿದರೆ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದನಂತೆ. ಅಂಗಡಿಯಲ್ಲಿ ಲೈಟು ಚೆನ್ನಾಗಿದೆ ಎಂದಾಗ ಅವನಿಗೆ ಭಯವಾಗಿತ್ತು. ತೊಂದರೆ ಕಣ್ಣಿನದೇ ಎಂದು ಅಂಗಡಿಯವನು ತಿಳಿದುಬಿಡುತ್ತಾನೆಂದೇ ಬಲ್ಬುಗಳನ್ನು ಅಲ್ಲಿ ಕೂರಿಸದೆ ಮನೆಗೆ ತಂದದ್ದು.

"ಇಷ್ಟು ಬೆಳಕು ಹಾಕಿದ್ರೂ ಕಾಣ್ಲಿಲ್ಲ. ಇನ್ನು ಏನಂತ ಹೇಳ್ಕಳ್ಳಲಿ. ಹೋಗ್ಲಿ ಬುಡು, ನಂದು ಆಯ್ತು. ನನ್ಗೇ ಮುಗೀತದಲ್ಲ, ಅಷ್ಟು ಸಾಕು."

ನಿರ್ಮಲ ಆಗ ಹೇಳಬಾರದು ಎಂದುಕೊಂಡಿದ್ದಳು. ಆದರೆ ಅವನು ಹಾಗೆಂದ ಮೇಲೆ ಬಚ್ಚಿಡಲು ಅವಳಿಂದ ಆಗಲಿಲ್ಲ.

"ನಿಮ್ಗೊಬ್ರಿಗೇ ಅಲ್ಲ ಮಾವ" ಎಂದಳು. "ಸ್ಕ್ರೂಡ್ರೈವರು ಅನಿತನ ಕಾಲ್ತಾವೇ ಇತ್ತು. ಅವ್ಳಿಗೂ ಕಾಣ್ಲಿಲ್ಲ."

ಕಲ್ಲೇಶಪ್ಪ ಅವಳ ಮುಖವಿರುವ ಕಡೆ ತಿರುಗಿದ. ಹಾಗೆಯೇ ರಸ್ತೆಯ ಮೇಲೆ ಕೂತುಬಿಟ್ಟ. ಟವೆಲನ್ನು ಮುಖಕ್ಕೆ ಒತ್ತಿಕೊಂಡ. ನಿರ್ಮಲ ಅವನ ಪಕ್ಕದಲ್ಲಿ ಕೂತಳು. ಒಂದು ಲಾರಿ ಅವರನ್ನು ಬಳಸಿಕೊಂಡು ಹೋಯಿತು.

ಕಾರು ಓಡಿಸಲು ಅವಳಿಗೆ ಬರುತ್ತಿರಲಿಲ್ಲ, ಅವನಿಗೆ ಇನ್ನು ಕೈ ಏಳುತ್ತಿರಲಿಲ್ಲ. ಇಬ್ಬರೂ ಸೇರಿ ಕಾರನ್ನು ಅಂಚಿಗೆ ತಳ್ಳಿ, ದೀಪ ಆರಿಸಿ, ಬೀಗ ಹಾಕಿ, ನಡೆದುಕೊಂಡೇ ಮನೆಗೆ ಹೊರಟರು. ಊರಿನ ದಾರಿಯಲ್ಲಿ ಗಂಡನ ಕೈ ಹಿಡಿದು ಅವಳು ಎಂದೂ ನಡೆದಿರಲಿಲ್ಲ. ಅಂದು ಹಿಡಿದಳು. ಹಳ್ಳ ಬಂದಾಗ, ಕಲ್ಲು ಬಂದಾಗ ಕೈಯನ್ನು ಸ್ವಲ್ಪ ಒತ್ತುತ್ತಿದ್ದಳು. ಅವನು ಅದನ್ನು ತಿಳಿದುಕೊಂಡು ಹೆಜ್ಜೆ ಇಡುತ್ತಿದ್ದ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಶಿವಣ್ಣ ಹೋಗಿ ಕಾರು ತಂದುಕೊಟ್ಟ.

ಆ ರಾತ್ರಿ ಊಟಕ್ಕೆ ಕೂತಾಗ ನಿರ್ಮಲ ಮಗಳನ್ನು ಸುಮ್ಮನೆ ಕೇಳುವವಳ ಹಾಗೆ ಕೇಳಿದಳು. ಕತ್ತಲಾದ ಮೇಲೆ ಅಂಗಳದಲ್ಲಿ ನಿನಗೆ ಏನೇನು ಕಾಣುತ್ತದೆ? ಏನೂ ಕಾಣುವುದಿಲ್ಲ ಎಂದಳು ಅನಿತಾ. ನಕ್ಷತ್ರ? ಬೆಳ್ಳಿಚುಕ್ಕಿ ಒಂದು ಕಾಣುತ್ತದೆ, ಉಳಿದದ್ದು ಪುಸ್ತಕದಲ್ಲಿ ನೋಡಿದ್ದೇ. ಹಾಸ್ಟೆಲಿನಲ್ಲಿ ಇದ್ದಾಗ ರಾತ್ರಿ ಹೊರಗೆ ಹೋಗಬೇಕಾದರೆ ಗೆಳತಿಯ ದುಪಟ್ಟಾ ಹಿಡಿದುಕೊಂಡು ಹೋಗುತ್ತಿದ್ದೆ, ಅವರೆಲ್ಲ ನನ್ನನ್ನು ಪುಕ್ಕಲಿ ಎನ್ನುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ ಎಂದಳು. ಹೇಳುತ್ತ ಹೇಳುತ್ತ ಅವಳ ಕೈ ತಟ್ಟೆಯಲ್ಲಿ ನಿಂತಿತು. ಅಪ್ಪ ಊಟ ಮಾಡದೆ ಕೂತಿದ್ದನ್ನು ನೋಡಿದಳು. ಅಮ್ಮನ ಕಣ್ಣು ನೋಡಿದಳು.

"ಯಾಕಮ್ಮ?" ಎಂದಳು. "ಎಲ್ರಿಗೂ ಹಂಗೇ ಅಲ್ವಾ? ನಾನು ಎಲ್ರಿಗೂ ಹಂಗೇ ಅಂದ್ಕಂಡಿದ್ದೆ."

ಮೊದಲು ತಿಪಟೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಅವರು ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಬರೆದುಕೊಟ್ಟರು. ಮೂವರೂ ರೈಲಿನಲ್ಲಿ ಹೋದರು. ಅಲ್ಲಿ ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕಾಗಿತ್ತು. ನಿರ್ಮಲಳನ್ನು ಮೂಲೆಯಲ್ಲಿ ಕೂರಲು ಬಿಟ್ಟಿದ್ದರು. ಗಂಡನ ಹೆಬ್ಬೆರಳು ಗುಂಡಿಯ ಮೇಲೆ ಕದಲದೆ ಇರುವುದನ್ನು ಅವಳು ನೋಡುತ್ತ ಕೂತಳು. ಎಲ್ಲೋ ಒಮ್ಮೆ ಒತ್ತುತ್ತಿದ್ದ. ಅನಿತಾಳದು ಅದಕ್ಕಿಂತ ಎಷ್ಟೋ ವಾಸಿಯಾಗಿತ್ತು. ಆದರೆ ಅವಳೂ ನಡುನಡುವೆ ಬಹಳ ಹೊತ್ತು ಗುಂಡಿ ಒತ್ತದೆ ಕೂತಿದ್ದಳು.

ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುವ ಕಾಯಿಲೆ ಇದು, ವಂಶದಲ್ಲಿ ಬರುತ್ತದೆ. ಸದ್ಯಕ್ಕೆ ನಿಮ್ಮಿಬ್ಬರಿಗೆ ಕೊಡುವಂಥ ಔಷಧ ನನ್ನ ಹತ್ತಿರ ಇಲ್ಲ. ಅಪ್ಪನಿಗೆ ನೇರವಾಗಿ ಎದುರಿಗಿರುವುದು ಕಾಣುತ್ತದೆ, ಇನ್ನೂ ಕೆಲವು ವರ್ಷ ಕಾಣಬಹುದು, ಆದರೆ ಇನ್ನು ಮುಂದೆ ಹಗಲಲ್ಲೂ ಗಾಡಿ ಓಡಿಸುವಂತಿಲ್ಲ. ಮಗಳಿಗೆ ಬಹಳ ಕಾಲ ಓದು ಬರಹ, ಪಾಠ ಎಲ್ಲ ನಡೆಯುತ್ತದೆ, ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಆಮೇಲೆ ಅವರು ಮನೆಯಲ್ಲಿ ಸಂಬಂಧದೊಳಗೇ ಮದುವೆಗಳಾಗಿವೆಯೇ ಎಂದು ಕೇಳಿದರು. ಅಕ್ಕನ ಮಗಳನ್ನೇ ತಂದುಕೊಂಡಿದ್ದೇನೆ ಎಂದು ಕಲ್ಲೇಶಪ್ಪ ತಲೆ ತಗ್ಗಿಸಿದ. ಇದು ಯಾರ ತಪ್ಪೂ ಅಲ್ಲ, ಗೊತ್ತಿಲ್ಲದೆ ಆದದ್ದು, ಆದರೆ ಇಂಥ ಮನೆಗಳಲ್ಲಿ ಮತ್ತೆ ಒಳಗೇ ಕೊಟ್ಟು ತರುವುದು ಬೇಡ, ನಿಮ್ಮ ಅಣ್ಣತಮ್ಮಂದಿರ ಮಕ್ಕಳನ್ನೂ ಒಮ್ಮೆ ತೋರಿಸಿ ಎಂದರು ಡಾಕ್ಟರಮ್ಮ.

ಬರುವಾಗ ರೈಲಿನಲ್ಲಿ ಅನಿತಾ ಕಿಟಕಿಯ ಪಕ್ಕ ಕೂತಿದ್ದಳು, ಕಲ್ಲೇಶಪ್ಪ ಎದುರಿಗೆ. ತುಮಕೂರು ದಾಟಿದ ಮೇಲೆ ಅವಳೇ ಮೊದಲು ಕೇಳಿದಳು. ಅಪ್ಪ, ಮದುವೆ ಮನೆಯಲ್ಲಿ ಬಡಿಸುವವರು ಪಕ್ಕದಿಂದ ಸೌಟು ಚಾಚಿದರೆ ನಿನಗೆ ಗೊತ್ತಾಗುತ್ತದಾ? ಗೊತ್ತಾಗುವುದಿಲ್ಲ ಎಂದ ಕಲ್ಲೇಶಪ್ಪ. ಎಲೆಯ ಮೇಲೆ ಬಿದ್ದ ಮೇಲೇ ಗೊತ್ತಾಗುವುದು, ಬೇಡವಾದದ್ದೆಲ್ಲ ಎಷ್ಟೋ ತಿಂದಿದ್ದೇನೆ ಎಂದ. ನಾನೂ ಹಾಗೇ ಎಂದಳು. ಟಾಕೀಸಿನೊಳಕ್ಕೆ ಹೋದಾಗ? ಸೀಟಿನ ಬೆನ್ನು ಮುಟ್ಟಿಕೊಂಡು ಎಣಿಸುತ್ತ ಹೋಗುತ್ತೇನೆ. ಬಿಸಿಲಿನಿಂದ ಮನೆಯೊಳಗೆ ಬಂದಾಗ? ಹೊಸಿಲ ಹತ್ತಿರ ಚಪ್ಪಲಿ ಬಿಡುವ ನೆಪದಲ್ಲಿ ನಿಂತುಕೊಳ್ಳುತ್ತೇನೆ. ಅನಿತಾ ಅಪ್ಪನನ್ನೇ ನೋಡುತ್ತಿದ್ದಳು. ಅವಳೂ ಚಪ್ಪಲಿ ಬಿಡುವ ನೆಪದಲ್ಲೇ ನಿಲ್ಲುತ್ತಿದ್ದಳು. ಒಂದೇ ಮನೆಯಲ್ಲಿದ್ದು ಇಷ್ಟು ವರ್ಷ ಒಬ್ಬರದು ಒಬ್ಬರಿಗೆ ತಿಳಿದಿರಲಿಲ್ಲ. ಇಬ್ಬರೂ ಒಂದೊಂದಾಗಿ ಕೇಳುತ್ತ ಹೇಳುತ್ತ ತಿಪಟೂರು ಬರುವ ತನಕ ಮಾತಾಡಿದರು. ನಡುವೆ ಒಮ್ಮೆ ನಕ್ಕರೂ ನಕ್ಕರು. ಎಲ್ಲವೂ ಕಾಣುವ ನಿರ್ಮಲ ಅವರ ಪಕ್ಕದಲ್ಲಿ ಕೂತು, ಒಬ್ಬಳೇ ಹೊರಗಿನವಳಾದ ಹಾಗೆ ಅನ್ನಿಸಿ, ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡಳು.

ಮದುವೆ ಬೇಡ ಎಂದು ದಯಾನಂದನಿಗೆ ಅನಿತಾಳೇ ಫೋನು ಮಾಡಿ ಹೇಳಿದಳು. ಅವನು ಬಹಳ ಹೊತ್ತು ಮಾತಾಡಿದ, ಕೊನೆಗೆ ನೀನು ಹೇಳಿದ ಹಾಗೆ ಆಗಲಿ ಎಂದನಂತೆ. ಫೋನಿಟ್ಟ ಮೇಲೆ ಅನಿತಾ ತೋಟಕ್ಕೆ ಹೋಗಿ ಒಬ್ಬಳೇ ಕೂತಿದ್ದು ಬಂದಳು.

ಗಂಗಾಧರನಿಗೆ ಹೇಳುವುದೇ ಕಷ್ಟವಾಯಿತು. ಕಲ್ಲೇಶಪ್ಪ, ನಿರ್ಮಲ ಇಬ್ಬರೂ ತುರುವೇಕೆರೆ ಬಸ್ಸು ಹತ್ತಿ ಹೋಗಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದರು. ಅವನು ಮಗನ ಮದುವೆ ನಿಂತದ್ದಕ್ಕಿಂತ, ನಿನ್ನ ಮಕ್ಕಳನ್ನೂ ಒಮ್ಮೆ ತೋರಿಸು ಎಂದದ್ದಕ್ಕೆ ಕೆರಳಿದ. ನಿಮ್ಮ ಮನೆಯ ದೋಷವನ್ನು ನಮ್ಮ ಮನೆಗೆ ಹಚ್ಚಬೇಡಿ, ನನ್ನ ಮಕ್ಕಳ ಕಣ್ಣು ನೆಟ್ಟಗಿವೆ ಎಂದ. ನನ್ನ ತಾಯಿಯೂ ನಿನ್ನ ತಾಯಿಯೂ ಒಬ್ಬರೇ ಅಲ್ಲವಾ, ತಾತ ನಿನಗೂ ತಾತನೇ ಅಲ್ಲವಾ, ನೀನು ತಂದದ್ದೂ ಸಂಬಂಧದ ಹೆಣ್ಣನ್ನೇ ಅಲ್ಲವಾ ಎಂದು ನಿರ್ಮಲ ಹೇಳಿದಳು. ಅವನು ಎದ್ದು ಒಳಗೆ ಹೋದ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಯಾರೂ ಬರಲಿಲ್ಲ. ಅರಿಶಿನ ಕುಂಕುಮ, ಬಳೆ ತರುವ ಅಣ್ಣನಿಗಾಗಿ ನಿರ್ಮಲ ಸಂಜೆಯ ತನಕ ಬಾಗಿಲು ನೋಡಿದಳು.

ಕಾರನ್ನು ಮಾರುವ ಮಾತು ಬಂದಾಗ ಅವಳೇ ಬೇಡ ಎಂದಳು. ಚಿಕ್ಕನಾಯಕನಹಳ್ಳಿಯ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ನಲವತ್ತೈದು ದಾಟಿದ ಹೆಂಗಸು ಕ್ಲಚ್ಚು ಬಿಡಲು ಬಾರದೆ ಗಾಡಿಯನ್ನು ಎಗರಿಸುವುದನ್ನು ನೋಡಿ ಹುಡುಗರು ನಗುತ್ತಿದ್ದರು. ಮನೆಗೆ ಬಂದ ಮೇಲೆ ಕಲ್ಲೇಶಪ್ಪ ಪಕ್ಕದಲ್ಲಿ ಕೂತು, ಎಂಜಿನ್ನಿನ ಸದ್ದು ಕೇಳಿಯೇ ಯಾವ ಗೇರು ಎಂದು ಹೇಳಿ ಕೊಡುತ್ತಿದ್ದ. ಲೈಸೆನ್ಸು ಬಂದರೂ ಅವಳಿಗೆ ಊರು ದಾಟಿಸುವ ಧೈರ್ಯ ಇನ್ನೂ ಬಂದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ದಯಾನಂದ ಬೈಕಿನಲ್ಲಿ ಬಂದ. ಜಗುಲಿಯ ಮೇಲೆ ಕೂತು ನೀರು ಕುಡಿದು, ಅತ್ತೆಗೂ ಮಾವನಿಗೂ ಕೇಳುವ ಹಾಗೆ ಹೇಳಿದ. ಅಪ್ಪನಿಗೆ ತಿಳಿಸದೆ ತಾನು ಆ ಆಸ್ಪತ್ರೆಗೆ ಹೋಗಿ ಬಂದನಂತೆ. ಅವನ ಕಣ್ಣು ಸರಿಯಾಗಿದ್ದವಂತೆ. ಅಷ್ಟು ಹೇಳಿ ಅವನು ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತ. ಆಮೇಲೆ ಅನಿತಾಳ ಕಡೆ ತಿರುಗಿದ. ಪಿಯುಸಿ ಓದುವ ತಂಗಿ ಲತಾಮಣಿಯನ್ನು ತಾನೇ ಪರೀಕ್ಷೆ ಮಾಡಿ ನೋಡಿದೆ ಎಂದ. ಮುಸ್ಸಂಜೆಯಲ್ಲಿ ಒಂದು ಸಾಮಾನು ಕೆಳಗೆ ಹಾಕಿ ಎತ್ತಿಕೊಡು ಎಂದನಂತೆ. ಅವಳು ಅದರ ಪಕ್ಕದಲ್ಲೆಲ್ಲ ಕೈ ಆಡಿಸಿದಳಂತೆ. ಏನಾಯಿತೆಂದು ಎಷ್ಟು ಕೇಳಿದರೂ ಬಾಯಿ ಬಿಡದೆ, ಈಗ ಯಾರೊಂದಿಗೂ ಮಾತಾಡದೆ ಕೋಣೆ ಸೇರಿಕೊಂಡಿದ್ದಾಳೆ.

"ನೀನು ಬಂದು ಮಾತಾಡ್ತೀಯಾ ಅನಿತಾ?" ಎಂದ. "ನಮ್ಗೆ ಏನು ಕೇಳ್ಬೇಕು ಅನ್ನೋದೇ ಗೊತ್ತಾಗಲ್ಲ."

ಮರುದಿನ ಬೆಳಿಗ್ಗೆ ನಿರ್ಮಲ, ಅನಿತಾ ಇಬ್ಬರೂ ಹೋದರು. ಗಂಗಾಧರ ಜಗುಲಿಯ ಮೇಲೆ ಕೂತಿದ್ದ. ತಂಗಿಯನ್ನು ನೋಡಿ ಬಾ ಎನ್ನಲಿಲ್ಲ, ಎದ್ದು ಹೋಗಲೂ ಇಲ್ಲ. ಅನಿತಾ ಚಪ್ಪಲಿ ಬಿಟ್ಟು, ಹೊಸಿಲ ಮೇಲೆ ಒಂದು ಗಳಿಗೆ ನಿಂತು, ಒಳಗೆ ಹೋದಳು. ಕೋಣೆಯ ಬಾಗಿಲು ತೆಗೆದು ಮುಚ್ಚಿದ ಸದ್ದಾಯಿತು. ನಿರ್ಮಲ ಅಣ್ಣನಿಂದ ಸ್ವಲ್ಪ ದೂರದಲ್ಲಿ ಕೂತಳು. ಅಂಗಳದಲ್ಲಿ ಕಾಯಿ ಸುಲಿಯುವವರು ಕೆಲಸ ಮಾಡುತ್ತಿದ್ದರು. ಅವರು ಕೈ ನಿಲ್ಲಿಸಿದಾಗಲೆಲ್ಲ ಒಳಗಿನ ಮಾತು ಜಗುಲಿಗೆ ಕೇಳುತ್ತಿತ್ತು. ಮೊದಲು ಅನಿತಾಳ ದನಿ ಒಂದೇ ಇತ್ತು. ಅವಳು ಹಾಸ್ಟೆಲಿನ ಮಾತು, ದುಪಟ್ಟಾದ ಮಾತು, ಬಡಿಸುವವರ ಸೌಟಿನ ಮಾತು ಹೇಳುತ್ತಿದ್ದಳು. ಬಹಳ ಹೊತ್ತಿನ ಮೇಲೆ ಹುಡುಗಿಯ ದನಿ ಕೇಳಿತು.

"ನಿಂಗೂ ಹಂಗೇನಾ ಅಕ್ಕಾ?"

ಆಮೇಲೆ ಹುಡುಗಿ ಅಳುವುದು ಕೇಳಿತು. ಅಳುತ್ತಲೇ ಅವಳು ಒಂದೊಂದಾಗಿ ಹೇಳತೊಡಗಿದಳು. ಅನಿತಾ ಹ್ಞೂ, ಹ್ಞೂ ಎನ್ನುತ್ತಿದ್ದಳು.

ಗಂಗಾಧರ ಕೈಯಲ್ಲಿದ್ದ ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಂಗಳದ ಕಡೆಗೇ ನೋಡುತ್ತ, ಆ ಆಸ್ಪತ್ರೆ ಬೆಂಗಳೂರಿನಲ್ಲಿ ಎಲ್ಲಿದೆ ಎಂದು ಕೇಳಿದ. ನಿರ್ಮಲ ಹೇಳಿದಳು. ತಿಪಟೂರಿನಿಂದ ಯಾವ ರೈಲಿಗೆ ಹೋದರೆ ಅನುಕೂಲ ಎಂದು ಕೇಳಿದ. ಅದನ್ನೂ ಹೇಳಿದಳು. ಆಮೇಲೆ ಅವಳ ಕಡೆ ತಿರುಗಿದ.

"ನೀನೂ ಜೊತೆಗೆ ಬತ್ತೀಯೇನವ್ವ?"

"ಬತ್ತೀನಿ ಕಣಣ್ಣ" ಎಂದಳು ನಿರ್ಮಲ.